ಕೈಗಡಿಯಾರದ ಸನ್ನಿಧಾನಕ್ಕೆ, ಬೆಡ್‌ಶೀಟು ಮಡಚುವ ವಿಷಯವಾಗಿ

ನಮ್ಮ ಯಜಮಾನರ ಎಡ ಮಣಿಕಟ್ಟಿನ ಮೇಲೆ ವಿರಾಜಮಾನರಾಗಿರುವ, ಉಕ್ಕಿನ ಪಟ್ಟಿಯ, ನೀಲಿ ಮುಖದ ಕೈಗಡಿಯಾರ ಮಹೋದಯರಿಗೆ, ಅದೇ ಮಣಿಕಟ್ಟಿನವರ ಹೆಂಡತಿಯೂ ಈ ಲಾಂಡ್ರಿಯ ಅರ್ಧ ಪಾಲುದಾರಳೂ ಆದ ನಾನು ತಲೆಬಾಗಿ ಮಾಡುವ ವಿನಂತಿ.

ಮಾನ್ಯರೇ,

ತಾವು ಕ್ಷೇಮವೇ ಎಂದು ನಾನು ಕೇಳಬೇಕಾದ ಅಗತ್ಯವಿಲ್ಲ, ಏಕೆಂದರೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಒರೆಸಿ ತಮ್ಮ ಕ್ಷೇಮ ವಿಚಾರಿಸಿಕೊಳ್ಳುವವರು ನಮ್ಮ ಮನೆಯಲ್ಲೇ ಇದ್ದಾರೆ. ನನಗೆ ಜ್ವರ ಬಂದಾಗ ಮಾತ್ರೆ ತೆಗೆದುಕೊಂಡೆಯಾ ಎಂದು ಪಕ್ಕದ ಕೋಣೆಯಿಂದಲೇ ಕೂಗಿ ಕೇಳಿದ ಮನುಷ್ಯ, ತಮ್ಮ ಗಾಜಿನ ಮೇಲೆ ಒಂದು ಬೆರಳಿನ ಗುರುತು ಕಂಡಾಗ ಊಟ ಬಿಟ್ಟು ಎದ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಇದ್ದರೂ ಸ್ವಲ್ಪವೇ ಇದೆ.

ಈ ಪತ್ರವನ್ನು ಲಕೋಟೆಯಲ್ಲಿಟ್ಟು ಕೊಡಬಹುದಿತ್ತು. ಆದರೆ ತಮ್ಮ ವಿಷಯದಲ್ಲಿ ಮುಚ್ಚುಮರೆ ಎಂಬುದೇ ನಮ್ಮಲ್ಲಿ ಉಳಿದಿಲ್ಲ. ಸೆಕೆಯಿರಲಿ ಚಳಿಯಿರಲಿ, ಯಜಮಾನರ ಅಂಗಿಯ ಬಲತೋಳಿಗೆ ಗುಂಡಿ ಹಾಕಿರುತ್ತದೆ, ಎಡತೋಳು ಮಾತ್ರ ಮೊಣಕೈವರೆಗೆ ಏರಿರುತ್ತದೆ. ಆದ್ದರಿಂದ ಗಿರಾಕಿಗಳು ಬಟ್ಟೆ ಕೊಡುವ ಕೌಂಟರಿನ ಗಾಜಿಗೆ ಇದನ್ನು ಅಂಟಿಸಿ ಬಹಿರಂಗ ಪತ್ರವಾಗಿಸಲು ತೀರ್ಮಾನಿಸಿದ್ದೇನೆ.

ನಮ್ಮ ಕಸುಬಿನ ಪರಿಚಯ ತಮಗೆ ಇರಲಾರದು. ಇಲ್ಲಿಗೆ ಹೋಟೆಲುಗಳಿಂದಲೂ ಒಂದು ಆಸ್ಪತ್ರೆಯಿಂದಲೂ ಬೆಡ್‌ಶೀಟುಗಳು ಬರುತ್ತವೆ. ಒಗೆಯಲು ಯಂತ್ರವಿದೆ, ಒಣಗಿಸಲು ಯಂತ್ರವಿದೆ, ಮಡಚಲು ನಾವಿದ್ದೇವೆ. ಡಬಲ್ ಬೆಡ್‌ಶೀಟು ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ಆ ತುದಿಯ ಮೂಲೆಗಳನ್ನು ಅವರು ಹಿಡಿದು, ಈ ತುದಿಯ ಮೂಲೆಗಳನ್ನು ನಾನು ಹಿಡಿದು, ಎಳೆದು, ಝಾಡಿಸಿ, ಉದ್ದಕ್ಕೆ ಮಡಚಿದ ಮೇಲೆ ಅವರು ನಡೆದು ಬಂದು ಅವರ ಮೂಲೆಗಳನ್ನು ನನ್ನ ಕೈಗೆ ಕೊಡಬೇಕು. ಕೊಟ್ಟು ಬಗ್ಗಿ, ಕೆಳಗೆ ಇಳಿಬಿದ್ದ ಮಡಿಕೆಯನ್ನು ಎತ್ತಿಕೊಳ್ಳಬೇಕು. ಮತ್ತೆ ಹಿಂದೆ ಸರಿಯಬೇಕು, ಮತ್ತೆ ಬರಬೇಕು.

ಮದುವೆಯಾದಾಗಿನಿಂದ ನಮ್ಮ ಜಗಳಗಳೆಲ್ಲ ಮುಗಿದದ್ದು ಈ ನಡಿಗೆಯಲ್ಲೇ ಮಾನ್ಯರೇ. ಮುಖ ಊದಿಸಿಕೊಂಡವರು ಕೂಡ ಮೂಲೆ ಕೊಡಲು ನನ್ನ ಮೂಗಿನ ಹತ್ತಿರ ಬರಲೇಬೇಕು, ಹತ್ತಿರ ಬಂದವರು ಎಷ್ಟು ಹೊತ್ತು ಅಂತ ಮೇಲಿನ ಫ್ಯಾನು ನೋಡಿಯಾರು? ಮೊದಲ ಗಂಟಿನ ಬಟ್ಟೆ ಮೌನದಲ್ಲಿ ಮುಗಿಯುತ್ತದೆ, ಎರಡನೆಯದರಲ್ಲಿ ಇದರ ಕಲೆ ಪೂರ್ತಿ ಹೋಗಿಲ್ಲ ಎಂಬ ಒಂದು ಮಾತು ಹೊರಡುತ್ತದೆ, ಆಸ್ಪತ್ರೆಯ ಗಂಟು ಬಿಚ್ಚುವ ಹೊತ್ತಿಗೆ ಇಬ್ಬರಿಗೂ ನಗು ಬಂದಿರುತ್ತದೆ. ಅತ್ತೆಯವರ ಕನ್ನಡಕದ ಮೇಲೆ ಕೂತವರು ಯಾರು ಎಂಬ, ಎರಡು ಮನೆಗಳ ನಡುವೆ ಮಾತುಕತೆಯನ್ನೇ ನಿಲ್ಲಿಸಬಹುದಾಗಿದ್ದ ಜಗಳ ಸಹ ದಿಂಬಿನ ಕವರುಗಳ ಸರದಿ ಬರುವ ಮೊದಲೇ ಇತ್ಯರ್ಥವಾಯಿತು. ಕೂತವರು ಯಜಮಾನರೇ.

ಇಂಥ ಮನೆಗೆ ತಾವು ದಯಮಾಡಿಸಿದಿರಿ. ತಮ್ಮ ಆಗಮನದ ಕಾರಣವನ್ನು ನಾನು ಅಣಕಿಸುವುದಿಲ್ಲ. ದೊಡ್ಡ ಹೋಟೆಲಿನ ಮ್ಯಾನೇಜರರು ಯಜಮಾನರನ್ನು ಹಿಂಬಾಗಿಲಲ್ಲಿ ಕೊಳೆಬಟ್ಟೆಯ ಗಂಟುಗಳ ಪಕ್ಕ ಬಹಳ ಹೊತ್ತು ನಿಲ್ಲಿಸಿ, ಆಮೇಲೆ ಬಂದು, ಮುಖ ನೋಡುವ ಮೊದಲು ಮಣಿಕಟ್ಟು ನೋಡಿದರಂತೆ. ಅದನ್ನು ಹೇಳುವಾಗ ಅವರ ದನಿ ಸಣ್ಣದಾಗಿತ್ತು. ಆದರೆ ಹೊಸ ಇಸ್ತ್ರಿ ಯಂತ್ರಕ್ಕೆಂದು ಇಬ್ಬರೂ ಸೇರಿ ಕೂಡಿಟ್ಟದ್ದು ನನಗೊಂದು ಮಾತೂ ಹೇಳದೆ ತಮ್ಮ ಪಾದಾರವಿಂದಕ್ಕೆ ಸಮರ್ಪಣೆಯಾದದ್ದು ಸಂಜೆ ಹಣದ ಡಬ್ಬಿ ತೆರೆದಾಗಲೇ ನನಗೆ ಗೊತ್ತಾದದ್ದು. ತಮ್ಮ ಪ್ರಭಾವವನ್ನು ಮಾತ್ರ ಮೆಚ್ಚಲೇಬೇಕು. ತಮ್ಮನ್ನು ಕಂಡ ಮ್ಯಾನೇಜರರು ಮರುವಾರ ಯಜಮಾನರನ್ನು ಒಳಗೆ ಕರೆದು, ಕುರ್ಚಿ ಕೊಟ್ಟು, ಕಾಫಿ ತರಿಸಿ, ವ್ಯಾಪಾರ ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಒಗೆಯುವ ದರವನ್ನು ನೀವೇ ಯಾಕೆ ಇಳಿಸಬಾರದು ಎಂದು ವಿನಯದಿಂದ ಕೇಳಿದರು.

ತಮ್ಮ ಸಾಮರ್ಥ್ಯವನ್ನು ವರ್ಣಿಸುವ ಪುಸ್ತಿಕೆಯನ್ನು ನಾನು ಭಕ್ತಿಯಿಂದ ಓದಿದ್ದೇನೆ. ಮೀನುಗಳೂ ಹೋಗಲು ಹಿಂಜರಿಯುವಷ್ಟು ಆಳದ ಸಮುದ್ರದಲ್ಲಿ ತಾವು ಅಂಜದೆ ನಡೆಯುವಿರಂತೆ. ಹೀಗಿದ್ದೂ ನಮ್ಮ ಇಸ್ತ್ರಿಯ ಹಬೆ ತಮಗೆ ಆಗದು, ನೀರಿನ ಹನಿ ತಮಗೆ ಆಗದು, ಬಟ್ಟೆಯ ಜಿಪ್ಪು ತಗುಲಿದರಂತೂ ಪ್ರಾಣಕ್ಕೇ ಅಪಾಯ ಎಂದು ಯಜಮಾನರು ಎಡಗೈಯನ್ನು ಕೆಲಸದಿಂದ ನಿವೃತ್ತಿಗೊಳಿಸಿದ್ದಾರೆ. ಆ ಕೈಗೆ ಈಗ ಒಂದೇ ಉದ್ಯೋಗ, ತಮ್ಮನ್ನು ಹೊತ್ತು ತಿರುಗುವುದು. ದಿನಾ ಬೆಳಿಗ್ಗೆ ಸೋಪಿನ ಪುಡಿಯವರು ಪುಕ್ಕಟೆ ಕೊಟ್ಟ ಗೋಡೆ ಗಡಿಯಾರವನ್ನು ನೋಡಿ ತಮ್ಮ ಮುಳ್ಳುಗಳನ್ನು ಸರಿಪಡಿಸುವ ಸೇವೆಯನ್ನೂ, ಬಲಗೈಯಿಂದ, ಅವರು ತಪ್ಪದೆ ನಡೆಸಿಕೊಂಡು ಬರುತ್ತಿದ್ದಾರೆ.

ಬೆಡ್‌ಶೀಟಿನ ಗತಿ ಏನಾಯಿತೆಂದು ತಾವು ಕೇಳಬಹುದು. ಯಜಮಾನರು ನನ್ನ ಕಷ್ಟ ನೋಡಲಾರದೆ ಗೋಡೆಗೆ ಎರಡು ಕೊಕ್ಕೆ ಹೊಡೆದುಕೊಟ್ಟರು. ಎರಡು ಮೂಲೆಗಳನ್ನು ಕೊಕ್ಕೆಗೆ ಸಿಕ್ಕಿಸಿ, ಇತ್ತ ಬಂದು ಎಳೆದು, ನಾನೇ ನಡೆದು ಹೋಗಿ ಬಿಡಿಸಿಕೊಳ್ಳಬೇಕು. ತಾವು ಬಂದಾಗಿನಿಂದ ನಾನು ಗೋಡೆಯ ಜೊತೆ ಬೆಡ್‌ಶೀಟು ಮಡಚುತ್ತಿದ್ದೇನೆ. ಗೋಡೆ ಒಳ್ಳೆಯದೇ, ಎಳೆದಷ್ಟಕ್ಕೂ ನಿಲ್ಲುತ್ತದೆ, ಆದರೆ ಒಂದು ಹೆಜ್ಜೆಯನ್ನೂ ಮುಂದೆ ಇಡುವುದಿಲ್ಲ. ತಮ್ಮ ಕಾರಣಕ್ಕೆ ಶುರುವಾದ ಜಗಳ ತಮ್ಮ ಕಾರಣಕ್ಕೇ ಮುಗಿಯುವ ಜಾಗ ಸಿಗದೆ ಮನೆಯಲ್ಲಿ ಎದ್ದು ಓಡಾಡುತ್ತಿದೆ. ನಾವಿಬ್ಬರೂ ಈಗ ಅತ್ತೆಯವರ ಮೂಲಕ ಮಾತಾಡುತ್ತೇವೆ. ಅವರಿಗೆ ಕಿವಿ ಸ್ವಲ್ಪ ಮಂದ.

ಇನ್ನು ತಾವು ಕಲೆಯೋ ಬರೀ ಒಣಜಂಬವೋ ಎಂಬ ಪ್ರಶ್ನೆ. ಕಲೆ ಎಂದು ಯಜಮಾನರು ವಾದಿಸುತ್ತಾರೆ, ದುಂದು ಎಂದು ನಾನು ಹಟ ಹಿಡಿದಿದ್ದೆ. ಆದರೆ ಮೊನ್ನೆ ಅವರು ಸ್ನಾನಕ್ಕೆ ಹೋದಾಗ ತಮ್ಮನ್ನು ಕದ್ದು ಎತ್ತಿ, ಅಂಗೈಯಲ್ಲಿಟ್ಟು, ಮಗುಚಿ ನೋಡಿದೆ. ತಮ್ಮ ಬೆನ್ನು ಪಾರದರ್ಶಕ ಗಾಜಿನದೆಂದು ನನಗೆ ಯಾರೂ ಹೇಳಿರಲಿಲ್ಲ. ಒಳಗೆ ಎಳ್ಳಿನ ಗಾತ್ರದ ಕೆಂಪು ಕಲ್ಲುಗಳು, ಹಲ್ಲಿಗೆ ಹಲ್ಲು ಕೊಟ್ಟು ತಿರುಗುವ ಚಕ್ರಗಳು, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲೂ ಉಜ್ಜಿ ಹೊಳಪು ಕೊಟ್ಟ ಒಂದು ಕೂದಲಿನಷ್ಟು ಅಂಚು, ನಡುವೆ ಉಸಿರಾಡುವಂತೆ ಹಿಗ್ಗಿ ಕುಗ್ಗುವ ಸುರುಳಿ. ಸ್ನಾನದ ನೀರು ನಿಂತದ್ದೂ ನನಗೆ ಕೇಳಿಸಲಿಲ್ಲ. ಸೋತೆ ಮಾನ್ಯರೇ, ಬಾಯಿಬಿಟ್ಟು ಒಪ್ಪಿಕೊಳ್ಳುತ್ತೇನೆ. ಯಾರೋ ಒಬ್ಬರು ಎಲ್ಲೋ ಕೂತು ಕಣ್ಣು ನೋಯಿಸಿಕೊಂಡು, ಮನಸ್ಸಿಟ್ಟು ಮಾಡಿದ ಕೆಲಸ ಅದು, ಮತ್ತು ಅದು ಕಲೆಯೇ.

ಆದರೆ ಆ ಕಲೆಯೆಲ್ಲ ಯಜಮಾನರ ಚರ್ಮಕ್ಕೆ ಅಂಟಿಕೊಂಡು ಬೆವರು ನೋಡುತ್ತಾ ಕೂತಿರುತ್ತದೆ, ಊರಿಗೆ ಕಾಣುವುದು ಕಂಪನಿಯ ಹೆಸರು ಮಾತ್ರ. ಅದಕ್ಕೆ ನಾನು, ಅತ್ತೆಯವರನ್ನು ನಡುವೆ ತಾರದೆ, ನೇರವಾಗಿಯೇ ಒಂದು ಸಲಹೆ ಕೊಟ್ಟೆ. ಕಲೆಯೆಂದು ತಾನೇ ಕೊಂಡದ್ದು, ಹಾಗಿದ್ದರೆ ಬೆನ್ನು ಮೇಲೆ ಮಾಡಿ ಕಟ್ಟಿಕೊಳ್ಳಿ, ನೋಡಿದವರೂ ಧನ್ಯರಾಗಲಿ ಎಂದೆ. ಅವರು ತಮ್ಮನ್ನೇ ದಿಟ್ಟಿಸುತ್ತಾ ಹೇಳಿದರು, "ಆಗ ಇದು ಯಾವ ವಾಚು ಅಂತ ಯಾರಿಗೆ ಗೊತ್ತಾಗುತ್ತೆ?"

ಆಡಿದ ಮಾತು ಆಡಿದವರಿಗೇ ಕೇಳಿಸಿತೆಂದು ಕಾಣುತ್ತದೆ. ಕಿವಿ ಕೆಂಪಾಯಿತು. ಬೆಡ್‌ಶೀಟು ನಮ್ಮ ನಡುವೆ ಇದ್ದಿದ್ದರೆ ಅಲ್ಲಿಗೇ ಇಬ್ಬರೂ ನಕ್ಕುಬಿಡುತ್ತಿದ್ದೆವು. ಇರಲಿಲ್ಲವಾದ್ದರಿಂದ ಅವರು ಕೌಂಟರಿಗೆ ಹೋದರು, ನಾನು ಗೋಡೆಗೆ ಹೋದೆ.

ಆದಕಾರಣ ಸನ್ನಿಧಾನದಲ್ಲಿ ಅರಿಕೆಗಳು. ತಾವು ದಯವಿಟ್ಟು ಬಲಗೈಗೆ ವರ್ಗಾವಣೆ ಕೇಳಿಕೊಳ್ಳಿ. ಅಲ್ಲಿಗೆ ಹೋದರೆ ಬಲಗೈಯೂ ನಿವೃತ್ತವಾಗುವ ಅಪಾಯವಿರುವುದರಿಂದ ಕಾಲಿಗೆ ಕೇಳಿಕೊಂಡರೆ ಇನ್ನೂ ಮೇಲು. ಅದು ತಮ್ಮ ಅಂತಸ್ತಿಗೆ ಕಡಿಮೆಯೆನಿಸಿದರೆ, ಮ್ಯಾನೇಜರರು ಕರೆದ ದಿನ ತಾವೊಬ್ಬರೇ ಹೋಗಿ ಆ ಕುರ್ಚಿಯಲ್ಲಿ ಕೂತು ಕಾಫಿ ಕುಡಿದು ದರದ ಮಾತುಕತೆ ಮುಗಿಸಿಕೊಂಡು ಬನ್ನಿ, ಹೇಗೂ ಅವರು ಮಾತಾಡುವುದು ತಮ್ಮ ಜೊತೆಗೇ. ಇವು ಯಾವುದೂ ಆಗದಿದ್ದಲ್ಲಿ ತಾವೇ ಬೆಡ್‌ಶೀಟಿನ ಆಚೆ ತುದಿ ಹಿಡಿಯಿರಿ. ತಮಗೆ ಎರಡು ಮುಳ್ಳುಗಳಿವೆ, ಅವನ್ನು ಕೈಗಳೆಂದೇ ಭಾವಿಸಿ ನಾನು ಹೊಂದಿಕೊಂಡು ಹೋಗುತ್ತೇನೆ.

ತಮ್ಮನ್ನು ಮಾರಿಬಿಡಿ ಎಂದು ನಾನು ಎಲ್ಲೂ ಹೇಳಿಲ್ಲ ಎಂಬುದನ್ನು ಗಮನಿಸಬೇಕು. ಇಸ್ತ್ರಿ ಯಂತ್ರ ಇನ್ನೊಂದು ವರ್ಷ ಹೇಗೋ ತಳ್ಳುತ್ತದೆ. ನನಗೆ ಬೇಕಾಗಿರುವುದು ಅವರು ನಡೆದು ಬರುವುದು, ಅಷ್ಟೇ.

ಬೆಡ್‌ಶೀಟಿನ ಈಚೆ ತುದಿಯಿಂದ,
ತಮ್ಮ ವಿಶ್ವಾಸಿ
(ವಿಶ್ವಾಸ ಇನ್ನೂ ಒಣಗಲು ಹಾಕಿದೆ)

ತಾಜಾಕಲಂ: ಈ ಪತ್ರವನ್ನು ಗಾಜಿಗೆ ಅಂಟಿಸುವಾಗ ಒಂದು ಬದಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ಯಜಮಾನರು ಬಂದು ಆ ಬದಿಯನ್ನು ಹಿಡಿದುಕೊಂಡರು, ಹಿಡಿದುಕೊಂಡೇ ಮೊದಲಿಂದ ಕೊನೆಯವರೆಗೆ ಓದಿದರು. ಓದಿ ಅವರು ಎತ್ತಿದ ಆಕ್ಷೇಪಣೆ ಒಂದೇ ಒಂದು: "ವಾಚಿಗೆ ಎಷ್ಟು ಕೊಟ್ಟೆ ಅಂತ ಬರೆದೇ ಇಲ್ವಲ್ಲೇ?" ಇದಕ್ಕೆ ಉತ್ತರ ಕೊಡಲು ನನ್ನಲ್ಲಿ ಸಾಕಷ್ಟು ಮಾತುಗಳಿವೆ, ನಿಂತಲ್ಲೇ ಹೇಳಿ ಮುಗಿಯುವಂಥವಲ್ಲ ಎಂದು ಆಸ್ಪತ್ರೆಯ ಗಂಟನ್ನು ಬಿಚ್ಚಿ ಒಂದು ತುದಿ ಅವರ ಕಡೆ ಎಸೆದಿದ್ದೇನೆ. ಅವರು ಮಣಿಕಟ್ಟಿನಿಂದ ತಮ್ಮ ಕೊಂಡಿ ಬಿಚ್ಚುತ್ತಿದ್ದಾರೆ. ತಾವು ಸ್ವಲ್ಪ ಹೊತ್ತು ಮೇಜಿನ ಮೇಲೆ ಕೂತು ಕಾಯುತ್ತಿರಿ, ನಮಗೆ ಜಗಳವಾಡುವುದು ಬಹಳ ಇದೆ.