ಪಕ್ಕದ ಮನೆ ಹುಡುಗಿ ಮದ್ರಾಸಿಗೆ ವೀಸಾ ತರಲು ಹೋದದ್ದು

ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಸ್ವಲ್ಪ. ನಾನು ಹೇಳಿದ್ದು ಅಂತ ಎಲ್ಲೂ ಬಾಯಿ ಬಿಡಬಾರದು. ಮನೆದೇವರ ಮೇಲೆ ಆಣೆ ಇಟ್ಟರೆ ಮಾತ್ರ ಮುಂದಕ್ಕೆ ಓದಿ. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಇಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತೆ. ನಾನಾಗಿ ಹುಡುಕಿಕೊಂಡು ಹೋಗುವವಳಲ್ಲ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಗೋಡೆಗೂ ಕಿವಿ ಇರುತ್ತೆ ಅಂತಾರಲ್ಲ, ನಮ್ಮ ಗೋಡೆಗೆ ಅದರ ಅವಶ್ಯಕತೆ ಬಿದ್ದಿಲ್ಲ. ನಾನಿದ್ದೀನಿ.

ಪಕ್ಕದ ಮನೆಯಲ್ಲಿ ಗಂಡ, ಹೆಂಡತಿ, ಒಬ್ಬಳೇ ಮಗಳು. ಆತ ಸರ್ಕಾರಿ ಗುಮಾಸ್ತ, ಆಕೆ ಸ್ಕೂಲ್ ಟೀಚರು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಮಗಳಿಗೆ ಅಮೆರಿಕಾದ ಯಾವುದೋ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಆದರೆ ವೀಸಾ ಬೇಕಲ್ಲ, ಅದಕ್ಕೆ ಮದ್ರಾಸಿಗೆ ಹೋಗಿ ಅಲ್ಲಿನ ಅಮೆರಿಕಾ ಕಚೇರಿಯ ದೊರೆಗಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಮೊದಲ ಸಲ ಹೋದಾಗ, ನೀನು ಓದು ಮುಗಿಸಿ ನಿಮ್ಮೂರಿಗೆ ವಾಪಸ್ ಬರ್ತೀಯ ಅಂತ ನಮಗೆ ನಂಬಿಕೆ ಇಲ್ಲ ಅಂದು ಕಳಿಸಿಬಿಟ್ಟಿದ್ದರು. ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದ: "ಇನ್ನೊಂದೇ ಸಲ. ಆಗಲೂ ಆಗ್ಲಿಲ್ಲ ಅಂದ್ರೆ ಗಂಡು ನೋಡ್ತೀನಿ, ಸುಮ್ನೆ ಹಸೆಮಣೆ ಏರಬೇಕು." ಹುಡುಗಿ ಆವತ್ತಿಂದ ಅನ್ನ ಮುಟ್ಟಿದರೆ ಕೇಳಿ. ಎರಡು ಮನೆಗೂ ಮುಸುರೆ ತಿಕ್ಕುವವಳು ಒಬ್ಬಳೇ. ತಟ್ಟೆಯಲ್ಲಿ ಉಳಿದದ್ದೆಲ್ಲ ನನಗೆ ಬಂದು ಸೇರುತ್ತಿತ್ತು. ಸುದ್ದಿ ಕಣ್ರೀ, ಅನ್ನ ಅಲ್ಲ.

ಅಡುಗೆಮನೆ ಕಿಟಕಿಯ ದೊರೆ

ಹುಡುಗಿಯನ್ನು ತಯಾರು ಮಾಡಲು ಅವಳ ಸೋದರಮಾವ ಬಂದ. ಬ್ಯಾಂಕಿನಲ್ಲಿ ಜನ್ಮವೆಲ್ಲ ಕ್ಯಾಷಿಯರಾಗಿದ್ದು ರಿಟೈರಾದವನು. ಮದ್ರಾಸಿನಲ್ಲಿ ದೊರೆಗಳು ಗಾಜಿನ ಹಿಂದೆ ಕೂತು ಕೇಳ್ತಾರೆ ಅಂತ ಹುಡುಗಿ ಹೇಳಿದಳು. ಮಾವ ಸೀದಾ ಅಡುಗೆಮನೆಗೆ ಹೋಗಿ, ಕಿಟಕಿ ಸರಳಿನ ಹಿಂದೆ ಸ್ಟೂಲು ಹಾಕಿಕೊಂಡು ಕೂತ. ಹುಡುಗಿ ಹಿತ್ತಲಲ್ಲಿ ನಿಂತಳು. ನಾನು ಈ ಕಡೆ ಹಿತ್ತಲಲ್ಲಿ ಸಂಡಿಗೆ ಒಣಹಾಕುತ್ತಿದ್ದೆ. ಆವತ್ತು ಮೋಡ ಇತ್ತು ನಿಜ, ಆದರೂ ಹಾಕುತ್ತಿದ್ದೆ.

"ನೆಕ್ಸ್ಟ್" ಅಂದ ಮಾವ. ಅಲ್ಲಿದ್ದವಳು ಅವಳೊಬ್ಬಳೇ.

ಹುಡುಗಿ ಮುಂದೆ ಬಂದಳು. "ಯಾಕೆ ಹೋಗ್ತಿದೀಯ?" ಕೇಳಿದ. ಅವಳು ಇಂಗ್ಲಿಷಿನಲ್ಲಿ ಪಟಪಟ ಶುರು ಮಾಡಿದಳು. ಒಳ್ಳೆ ಓಘಕ್ಕೆ ಬಂದಿದ್ದಾಳೆ, ಒಳಗೆ ಗಡಿಯಾರ ಹೊಡೆಯಿತು. ಮಾವ ಕಿಟಕಿ ಬಾಗಿಲು ದಡಾರನೆ ಎಳೆದುಕೊಂಡ.

"ಮಾವ, ನನ್ನ ಉತ್ತರ ಇನ್ನೂ ಮುಗಿದಿಲ್ಲ."

ಒಳಗಿಂದ ಉತ್ತರ ಬಂತು: "ಕೌಂಟರ್ ಕ್ಲೋಸು. ಊಟ ಆದ್ಮೇಲೆ ಬಾಮ್ಮ."

ಬೋಳು ಹಣೆ

ಅಷ್ಟರಲ್ಲಿ ಆಯುಧಪೂಜೆ ಬಂತು. ಟೀಚರಮ್ಮ ಅವತ್ತು ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ಕುಂಕುಮ ಇಟ್ಟಳು, ಸರಿ. ಪಾಸ್‌ಪೋರ್ಟನ್ನೂ ದೇವರ ಮುಂದೆ ಇಟ್ಟಳು, ಅದೂ ಸರಿ. ಮಗಳ ಫೋಟೊ ಇದ್ದ ಹಾಳೆ ತೆಗೆದು, ನೀರಲ್ಲಿ ಕಲಸಿದ ಕುಂಕುಮವನ್ನು ಫೋಟೊದ ಹಣೆಗೇ ಇಟ್ಟುಬಿಟ್ಟಳು.

ಗಂಡ ನೋಡಿದ. ಆತ ಕಿರುಚಿದ ರಭಸಕ್ಕೆ ನಮ್ಮ ಮನೆಯ ಒಲೆ ಮೇಲಿದ್ದ ಹಾಲು ನಾನು ನೋಡದೇ ಉಕ್ಕಿಹೋಯಿತು. ಹತ್ತಿ ತಂದು ಒರೆಸಿದರೆ ಹಣೆಯಲ್ಲಿದ್ದದ್ದು ಮೂಗಿಗೆ, ಮೂಗಲ್ಲಿದ್ದದ್ದು ಗಲ್ಲಕ್ಕೆ. ಪುಣ್ಯಕ್ಕೆ ಮೇಲೆ ಪ್ಲಾಸ್ಟಿಕ್ ಅಂಟಿಸಿದ್ದರು, ಹುಡುಗಿಯ ಮುಖ ಉಳಿಯಿತು.

"ಓದಿದೋಳು ನೀನು, ಬುದ್ಧಿ ಬೇಡ್ವಾ?" ಅಂದ.

ಆಕೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, "ಹೋದ್ಸಲ ಬೋಳು ಹಣೇಲಿ ಕಳಿಸಿದ್ದಕ್ಕೇ ಅಲ್ವಾ ಅವರು ಬೇಡ ಅಂದದ್ದು" ಅಂದಳು.

ನನಗೆ ಆಕೆಯ ಮಾತೇ ಸರಿ ಅನ್ನಿಸಿತು. ಈಗಲೂ ಅನ್ನಿಸುತ್ತೆ.

ಲಗ್ನಪತ್ರಿಕೆ

ಇನ್ನು ಹೇಳುವುದನ್ನು ಕೂತು ಓದಿ.

ಒಂದು ಸಾಯಂಕಾಲ ಗೋಡೆಯಾಚೆ ಗಂಡುದನಿ. ಮಾವನದ್ದಲ್ಲ, ಹರೆಯದ್ದು. "ಸರಿಯಾಗಿ ಹೇಳು, ಯಾರಿಗೋಸ್ಕರ ವಾಪಸ್ ಬರ್ತೀಯ?" ಅಂತ ಕೇಳುತ್ತಿದೆ. ಹುಡುಗಿ ಹೇಳುತ್ತಾಳೆ: "ನನಗೋಸ್ಕರ ಕಾಯೋರು ಇಲ್ಲಿದಾರೆ. ಅವರನ್ನ ಬಿಟ್ಟು ಅಲ್ಲಿರಕ್ಕೆ ನನ್ ಕೈಲಾಗಲ್ಲ." ಅದಕ್ಕೆ ಅವನು, "ಇನ್ನೂ ಮನಸಾರೆ ಹೇಳು" ಅನ್ನಬೇಕೇ?

ಶಿವ ಶಿವ. ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿಲ್ಲ. ನನ್ನ ಕೈಯಲ್ಲಿದ್ದ ಹುರುಳಿಕಾಯಿ ಕೈಯಲ್ಲೇ ಉಳಿಯಿತು.

ಆ ಹುಡುಗ ಇವಳ ಸ್ನೇಹಿತೆಯ ಅಣ್ಣ, ಆ ಸ್ನೇಹಿತೆಗೆ ಹೋದ ವರ್ಷ ವೀಸಾ ಸಿಕ್ಕಿತ್ತು, ಉತ್ತರ ಹೇಳಿಕೊಡಲು ಬಂದಿದ್ದ, ಮಾವ ಪಕ್ಕದಲ್ಲೇ ತೂಕಡಿಸುತ್ತಾ ಕೂತಿದ್ದ ಅಂತೆಲ್ಲ ಆಮೇಲೆ ಗೊತ್ತಾಯಿತು. ತೂಕಡಿಸುವುದು ಗೋಡೆಯಾಚೆ ಕೇಳಿಸುತ್ತದೆಯೇ? ನಾನು ಹೇಳಿದ್ದು ಯಾರಿಗೆ? ದೇವಸ್ಥಾನದಲ್ಲಿ ನಾಲ್ಕೇ ನಾಲ್ಕು ಜನಕ್ಕೆ. ಅದೂ ನಿಮಗೆ ಹೇಳಿದ ಹಾಗೆ ಆಣೆ ಹಾಕಿಸಿಕೊಂಡೇ.

ಆ ನಾಲ್ವರಿಗೆ ದೇವರ ಭಯ ಇಲ್ಲ. ಭಾನುವಾರ ಬೆಳಿಗ್ಗೆ ತರಗುಪೇಟೆಯಿಂದ ಬೇಳೆ ಮಂಡಿಯವನು ಪಕ್ಕದ ಮನೆ ಬಾಗಿಲಿಗೆ ಬಂದು, "ಮದುವೆಗೆ ತೊಗರಿಬೇಳೆ ನಮ್ಮಲ್ಲೇ ತಗೋಬೇಕು ಸ್ವಾಮಿ" ಅಂದ. ಆತ ಇನ್ನೂ ಹೋಗಿರಲಿಲ್ಲ, ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯವನು ಮಾದರಿಗಳ ಆಲ್ಬಮ್ಮು ಕಂಕುಳಲ್ಲಿಟ್ಟುಕೊಂಡು ಬಂದ. "ಹುಡುಗನ ಹೆಸರೊಂದು ಗೊತ್ತಾಗ್ಲಿಲ್ಲ ಸಾರ್, ಬರೆದುಕೊಟ್ಬಿಡಿ."

ಅಪ್ಪನ ಮುಖ ಬಿಳಿಚಿಕೊಂಡಿತು. "ಮದ್ರಾಸೂ ಬೇಡ, ಅಮೆರಿಕಾನೂ ಬೇಡ, ಮನೇಲಿ ಬಿದ್ದಿರು" ಅಂತ ಕೂಗಾಡಿದ. ಹುಡುಗಿ ಅತ್ತಳು. ಕೊನೆಗೆ ಮಾವ ತಾನು ತೂಕಡಿಸಿದ್ದನ್ನು ಒಪ್ಪಿಕೊಂಡು, "ಭಾವ, ರೈಲು ಟಿಕೆಟ್ ಆಗಿದೆ, ಹೋಗಿ ಬರ್ಲಿ ಬಿಡಿ" ಅಂತ ಕೈಮುಗಿದ ಮೇಲೆ ಆತ ತಣ್ಣಗಾದ.

ಹೊರಡುವ ದಿನ ಹುಡುಗಿ ನಮ್ಮ ಬಾಗಿಲಲ್ಲಿ ನಿಂತಳು. ನಮಸ್ಕಾರಕ್ಕೆ ಬಂದಿದ್ದಾಳೆ ಅಂತ ನಾನು ಕಾಲು ಮುಂದೆ ಮಾಡಿದೆ. "ಅಜ್ಜಿ, ನಾನು ಯಾರ ಜೊತೆ ಓಡಿಹೋಗ್ತಿದೀನಿ ಅಂತ ನನಗೂ ಸ್ವಲ್ಪ ಹೇಳಿ. ಅದಕ್ಕೆ ತಕ್ಕ ಹಾಗೆ ಬಟ್ಟೆ ಜೋಡಿಸ್ಕೋತೀನಿ" ಅಂದಳು.

ಈಗಿನ ಕಾಲದ ಹೆಣ್ಣುಮಕ್ಕಳ ನಾಲಿಗೆ ನೋಡಿ.

ಗಾಜಿನ ಮುಂದೆ

ಹುಡುಗಿ ಮದ್ರಾಸಿಂದ ವಾಪಸ್ ಬಂದ ದಿನ ಟೀಚರಮ್ಮ ತಟ್ಟೆಯಲ್ಲಿ ಮೈಸೂರುಪಾಕು ಇಟ್ಟುಕೊಂಡು ನಮ್ಮನೆಗೇ ಬಂದಳು. ಪತ್ರಿಕೆ ಪ್ರಸಂಗ ಆದಮೇಲೆ ಆಕೆ ನನ್ನ ಜೊತೆ ಮಾತು ಬಿಟ್ಟಿದ್ದಳು.

"ವೀಸಾ ಸಿಕ್ತು ದೊಡ್ಡಮ್ಮ" ಅಂದಳು.

"ಸಂತೋಷ ಕಣಮ್ಮ. ಮಾವ ಹೇಳಿಕೊಟ್ಟದ್ದೆಲ್ಲ ಹೇಳಿದ್ಲಾ?"

"ಎಲ್ಲಿ? ಗಾಜಿನ ಮುಂದೆ ನಿಂತ ತಕ್ಷಣ ಎಲ್ಲಾ ಮರೆತೇಹೋಯ್ತಂತೆ. ನೀನು ವಾಪಸ್ ಬರ್ತೀಯ ಅಂತ ಹೇಗೆ ನಂಬೋದು ಅಂತ ಆಫೀಸರ್ ಕೇಳಿದನಂತೆ. ಇವಳು ನಿಮ್ಮ ವಿಷಯ ಹೇಳಿದ್ಲಂತೆ."

"ನನ್ನ ವಿಷಯ?"

"ಹೂಂ. ನಮ್ಮ ಪಕ್ಕದ ಮನೇಲಿ ಒಬ್ರು ಅಜ್ಜಿ ಇದಾರೆ, ನಾನು ಉತ್ತರ ಬಾಯಿಪಾಠ ಮಾಡಿದ್ದಕ್ಕೇ ಲಗ್ನಪತ್ರಿಕೆಯವನು ಮನೆಗೆ ಬಂದ. ಓದು ಮುಗಿದ ಮೇಲೆ ಒಂದು ವಾರ ಅಲ್ಲೇ ಉಳಿದ್ರೂ ಸಾಕು, ನನಗೆ ಗಂಡ, ಎರಡು ಮಕ್ಕಳು, ವಿಚ್ಛೇದನ ಎಲ್ಲಾ ಆಗಿಹೋಗಿರುತ್ತೆ. ನಮ್ಮಪ್ಪ ಅಮ್ಮ ಆ ಬೀದೀಲಿ ತಲೆ ಎತ್ತಿ ಓಡಾಡ್ಬೇಕಾದ್ರೆ ನಾನು ಬರಲೇಬೇಕು ಅಂದ್ಲಂತೆ. ಅವನು ಪಕ್ಕದ ಕಿಟಕಿಯವಳನ್ನೂ ಕರೆದು ಇನ್ನೊಂದು ಸಲ ಹೇಳಿಸಿದನಂತೆ. ಆಮೇಲೆ ವೀಸಾ ಕೊಡ್ತೀವಿ ಅಂದನಂತೆ."

ನಾನು ಬಾಯಿ ತೆರೆದವಳು ಹಾಗೇ ಇದ್ದೆ. ಆಕೆ ಅದೇ ಸಮಯ ನೋಡಿ ಒಂದು ತುಂಡು ಮೈಸೂರುಪಾಕನ್ನು ನನ್ನ ಬಾಯಿಗಿಟ್ಟು, ಮುಖಕ್ಕೆ ಮುಖ ಕೊಟ್ಟು ಹೇಳಿದಳು:

"ಅದಕ್ಕೇ ದೊಡ್ಡಮ್ಮ, ಅವಳು ಓದು ಮುಗಿಸಿ ಬರೋವರೆಗೂ ನೀವು ಗಟ್ಟಿಮುಟ್ಟಾಗಿರಬೇಕು. ಅಮೆರಿಕಾದೋರು ನಮ್ಮನ್ನ ನಂಬಿಲ್ಲ, ನಿಮ್ಮ ಬಾಯಿನ ನಂಬಿದಾರೆ."