ಬ್ರೇಕ್ ದೀಪಕ್ಕೆ ಕಪ್ಪು ಟೇಪ್ ಅಂಟಿಸಿದ ಬಗ್ಗೆ

ವಾಹನ ಅಪಾಯ ವಿಶ್ಲೇಷಣಾ ವಿಭಾಗ
(ರೋನಿ ಗ್ಯಾರೇಜಿನ ಹಿಂಬದಿ), ಕಾಪು

ಸಂಖ್ಯೆ: ಅವಿ/ಬ್ರೇಕ್/ಟೇಪ್/2 (ಸಂಖ್ಯೆ 1ರ ಕಾಗದದಲ್ಲಿ ಕೈಯ ಗ್ರೀಸ್ ಒರೆಸಲಾಗಿದೆ)

ವಿಷಯ: ಮೆಕ್ಯಾನಿಕ್ ರೋನಿಯ ಸ್ವಂತ ವ್ಯಾನಿನಲ್ಲಿ ಅವರ ತಾಯಿಯನ್ನು ಕಣ್ಣಿನ ಪೊರೆಯ ಆಪರೇಷನ್ನಿಗೆ ಮಣಿಪಾಲಕ್ಕೆ ಕರೆದೊಯ್ಯಬಹುದೇ ಎಂಬ ಕುರಿತು.

ಉಲ್ಲೇಖ: ತಾಯಿ ಇಮೆಲ್ಡಾ ಬಾಯಿಯವರು ಭಾನುವಾರ ಇಗರ್ಜಿಯಿಂದ ಬರುವಾಗ ಸಲ್ಲಿಸಿದ ಮೌಖಿಕ ಆಕ್ಷೇಪಣೆ: "ಗುರುವಾರ ನಾನು ಬಸ್ಸಿನಲ್ಲೇ ಹೋಗ್ತೇನೆ ಪುತಾ. ಆ ಡ್ರೈವರಿನ ಗುರುತು ನನಗಿಲ್ಲ, ನಿನ್ನ ಗುರುತು ಚೆನ್ನಾಗಿ ಉಂಟು."

ಬ್ರೇಕ್ ಕೆಟ್ಟಾಗ ಸ್ಟೇರಿಂಗಿನ ಮುಂದೆ ಉರಿಯುವ ಎಚ್ಚರಿಕೆಯ ದೀಪವನ್ನು ಸ್ಟಿಕ್ಕರಿನಿಂದ ಮುಚ್ಚಿದ್ದ ಆದಿ ಉಡುಪಿಯ ತರಕಾರಿ ಟೆಂಪೋ ಮಾಲಕ ಮೌರಿಸರಿಗೆ, "ದೀಪ ಮುಚ್ಚಿದರೆ ಬ್ರೇಕ್ ಸರಿಯಾಗ್ತದಾ? ತಲೆಯಲ್ಲಿ ಎಂತ ಉಂಟು ಮಾರಾಯ್ರೆ?" ಎಂದು ಇಡೀ ಪೇಟೆಗೆ ಕೇಳುವಂತೆ ಬೈದ ಸದರಿ ರೋನಿ, ಅದೇ ವಾರ ತಮ್ಮ ವ್ಯಾನಿನ ಕೆಂಪು ದೀಪಕ್ಕೆ ಕಪ್ಪು ಟೇಪ್ ಅಂಟಿಸಿರುವುದು ಗಮನಕ್ಕೆ ಬಂದಿರುತ್ತದೆ. ಆದುದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:

1. ಅಪಾಯದ ದರ್ಜೆ: ವ್ಯಾನಿನಲ್ಲಿ ಹಳೆ ಟಯರ್ ಇದ್ದರೆ ಸಾಧಾರಣ, ಗಿರಾಕಿ ಇದ್ದರೆ ಗಂಭೀರ, ತಾಯಿ ಇದ್ದರೆ ಅತಿ ಗಂಭೀರ. ರೋನಿ ಒಬ್ಬರೇ ಇದ್ದಲ್ಲಿ ದರ್ಜೆ ನೀಡುವ ಅಗತ್ಯ ಕಂಡುಬಂದಿಲ್ಲ.

2. ಸಿಟ್ಟಿನಿಂದ ಪೆಡಲ್ ತುಳಿದರೆ ಸೋರಿಹೋದ ಬ್ರೇಕ್ ಆಯಿಲ್ ಮರಳಿ ಬರುವುದಿಲ್ಲವೆಂದು ಸತತ ಪ್ರಯೋಗಗಳಿಂದ ದೃಢಪಟ್ಟಿದೆ. ಪೆಡಲಿಗೆ ಬೈದರೂ ಫಲಿತಾಂಶ ಅದೇ.

3. ಹಾರ್ನನ್ನು ಬ್ರೇಕ್ ಎಂದು ಪರಿಗಣಿಸತಕ್ಕದ್ದಲ್ಲ. ಎದುರಿನ ದನ ಪಕ್ಕಕ್ಕೆ ಸರಿದದ್ದನ್ನು ವ್ಯಾನ್ ನಿಂತಿತೆಂದು ದಾಖಲಿಸುವಂತಿಲ್ಲ.

4. ಪರ್ಯಾಯ ಬ್ರೇಕ್ ಆಗಿ, ಗ್ಯಾರೇಜಿನ ಕೆಲಸಗಾರ ಯಂಕಪ್ಪ ಜಿಗಿದು ಚಕ್ರಕ್ಕೆ ಕಲ್ಲು ಕೊಡುವ ಪದ್ಧತಿಯನ್ನು ರದ್ದುಪಡಿಸಲಾಗಿದೆ. "ಓಡೂ ಗಾಡಿಯಿಂದ ಜಿಗೀಬೇಕಂದ್ರ ನನಗೂ ಒಂದ್ ಬ್ರೇಕ್ ಕೊಡಸ್ರಿ ಅಣ್ಣಾ" ಎಂಬ ಅವರ ಮನವಿ ಪರಿಶೀಲನೆಯಲ್ಲಿದೆ.

5. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ರೋನಿ, "ಇದೆಲ್ಲ ಇಂಜಿನಿಯರುಗಳ ಹೆದರಿಕೆ" ಎಂದು ನೀಡಿದ ಸಮಜಾಯಿಷಿಯನ್ನು ತಿರಸ್ಕರಿಸಲಾಗಿದೆ. ಇಮೆಲ್ಡಾ ಬಾಯಿಯವರೂ ಇಂಜಿನಿಯರ್ ಅಲ್ಲ. ಪೊರೆ ಬಂದ ಕಣ್ಣಿನಿಂದಲೇ ಟೇಪನ್ನು ಪತ್ತೆಹಚ್ಚಿ, "ನನ್ನ ಕಣ್ಣಿನದ್ದು ಗುರುವಾರ ತೆಗೀತಾರೆ. ನಿನ್ನ ದೀಪದ್ದು ಯಾವಾಗ?" ಎಂದು ಕೇಳಿರುತ್ತಾರೆ. ಉತ್ತರದ ಬದಲು ರೋನಿ ಸ್ಪಾನರ್ ಎಸೆದಿದ್ದು, ಅದು ಹಿತ್ತಿಲಿನ ಪೊದೆಯಲ್ಲಿ ಎಲ್ಲೋ ಉಂಟೆಂದು ತಿಳಿದುಬಂದಿದೆ.

6. ಬುಧವಾರ ಸಂಜೆಯೊಳಗೆ ಬ್ರೇಕ್ ಆಯಿಲ್ ಸೋರುವ ಪೈಪನ್ನು ಬದಲಿಸತಕ್ಕದ್ದು. ಅದಕ್ಕೆ ಬೇಕಾದ ಸ್ಪಾನರ್ ಮೇಲ್ಕಂಡ ಸ್ಪಾನರೇ ಆಗಿರುವುದರಿಂದ, ಮೊದಲು ಪೊದೆಯನ್ನು ಹುಡುಕತಕ್ಕದ್ದು.

ಸಹಿ/-
ರೋನಿ
ಅಪಾಯ ವಿಶ್ಲೇಷಣಾಧಿಕಾರಿ ಹಾಗೂ ಅಪಾಯ

ಪ್ರತಿಗಳು:
ಮೌರಿಸರಿಗೆ: ಕ್ಷಮಾಪಣೆಯೊಂದಿಗೆ. ಟೆಂಪೋದಿಂದ ಕಿತ್ತ ಸ್ಟಿಕ್ಕರನ್ನು ಹಿಂತಿರುಗಿಸಲಾಗುವುದಿಲ್ಲ.
ಯಂಕಪ್ಪನವರಿಗೆ: ಕಲ್ಲನ್ನು ಸದ್ಯಕ್ಕೆ ಎಸೆಯದಿರಲು ಸೂಚಿಸಿ.
ಇಮೆಲ್ಡಾ ಬಾಯಿಯವರಿಗೆ: ಕಿತ್ತ ಟೇಪನ್ನು ಲಗತ್ತಿಸಿದೆ. ಹೋಗುವಾಗ ಬಸ್ಸು. ಬರುವಾಗ, ಹೊಸ ಕಣ್ಣಿನಿಂದ ದೀಪವನ್ನು ತಾವೇ ನೋಡಿ ಒಪ್ಪಿದಲ್ಲಿ, ವ್ಯಾನ್.