ಗಟ್ಟಿ ಎಂದರೆ ಬೆಚ್ಚುವ ಮಾವ

ನಮ್ಮ ಸೋದರಮಾವನ ಎದುರು ಯಾರನ್ನಾದರೂ ‘ಗಟ್ಟಿ ಜೀವ’ ಎಂದು ಹೊಗಳಿ ನೋಡಿ. ಆಗಲೇ ಆ ಮನುಷ್ಯನ ತಿಥಿಗೆ ಕರೆ ಬಂದವರಂತೆ ಮುಖ ಮಾಡುತ್ತಾರೆ! ಅಣುಸ್ಥಾವರದ ಉಕ್ಕು ಎಷ್ಟು ವರ್ಷ ಬಾಳುತ್ತದೆಂದು ಪರೀಕ್ಷಿಸುವುದು ಅವರ ಉದ್ಯೋಗ. ಅಂದರೆ, ಚಿಂತೆ ಮಾಡುವುದಕ್ಕೆ ಅವರಿಗೆ ಸಂಬಳ. ಅದೇ ಕೆಲಸವನ್ನು ನಾನು ಜೀವಮಾನವಿಡೀ ಬಿಟ್ಟಿ ಮಾಡುತ್ತಿದ್ದೇನೆ.

ಅವರು ರಜೆಗೆ ಅರಸೀಕೆರೆಯ ನಮ್ಮ ಮನೆಗೆ ಬಂದರೆ, ಕುಡಿದಿಟ್ಟ ಕಾಫಿ ಲೋಟವನ್ನು ನಾನು ಗುಟ್ಟಾಗಿ ಮತ್ತೊಮ್ಮೆ ತೊಳೆಯುತ್ತಿದ್ದೆ. ವಿಕಿರಣ ಅಂಟಿಕೊಂಡಿದ್ದರೆ? ಒಂದು ಸಲ ಅಮ್ಮ ನೋಡಿಬಿಟ್ಟರು. “ಹಂಗೇ ಮಿಕ್ಕ ಪಾತ್ರೇನೂ ತೊಳೆದುಬಿಡೋ. ನಿಮ್ಮ ಮಾವ ದಿನಾ ಬರಲಿ!”

ಒಂದು ಮದುವೆಯಲ್ಲಿ ಹಿರಿಯರೊಬ್ಬರು ಅಕ್ಷತೆ ಹಾಕಿ, “ಸಂಸಾರ ಉಕ್ಕಿನ ಹಾಗೆ ಗಟ್ಟಿಯಾಗಿರಲಿ” ಎಂದರು. ಮಾವ ಸುಮ್ಮನಿರಬಾರದೇ? “ಯಾವ ಉಕ್ಕು ಸ್ವಾಮಿ? ಹೊಸದೋ, ನ್ಯೂಟ್ರಾನ್ ಹೊಡೆತ ತಿಂದಿದ್ದೋ?” ಮದುಮಗ ಗಾಬರಿಯಿಂದ ಮದುಮಗಳ ಮುಖ ನೋಡಿದ.

ಮದುವೆ ಮುಗಿಸಿ ಹತ್ತಿದ ಬೇಲೂರಿನ ಬಸ್ಸಿನಲ್ಲಿ ಕೇಳಿಯೇಬಿಟ್ಟೆ: “ಹೊಡೆತ ತಿಂದರೆ ಮೆತ್ತಗಾಗಬೇಕಲ್ಲ ಮಾವ?”

“ಇಲ್ಲ ಕಣೋ, ಗಟ್ಟಿಯಾಗುತ್ತೆ! ಈ ಬಸ್ಸನ್ನೇ ಉಕ್ಕು ಅಂದ್ಕೋ. ಸೀಟಲ್ಲಿ ಕೂತೋರು ಪರಮಾಣುಗಳು. ಸ್ಥಾವರದಲ್ಲಿ ಅಣು ಒಡೆದಾಗ ಸಿಡಿಯೋ ನ್ಯೂಟ್ರಾನು ನುಗ್ಗಿ ಒಬ್ಬೊಬ್ಬರನ್ನೂ ಎಬ್ಬಿಸಿ ನಡುವಿನ ದಾರಿಗೆ ತಳ್ಳುತ್ತೆ. ದಾರಿಯೆಲ್ಲ ಜಾಮ್! ಯಾರೂ ಮಿಸುಕೋ ಹಾಗಿಲ್ಲ. ಅದನ್ನೇ ಜನ ಗಟ್ಟಿ ಅಂತಾರೆ. ವರ್ಷಗಟ್ಟಲೆ ಹಾಗೇ ಆಗಿ, ತಣ್ಣಗಿರುವಾಗ ಒಂದು ಏಟು ಬಿತ್ತೋ, ಬಗ್ಗಲ್ಲ. ಸೀಳಿಹೋಗುತ್ತೆ.”

ನಮ್ಮ ಸೀಟಿಗೆ ಒರಗಿ ನಿಂತಿದ್ದ ಮಾದಿಹಳ್ಳಿಯ ಅಜ್ಜಿ ಕೇಳಿದಳು: “ಅಲ್ಲ ಕಣಪ್ಪ, ಹಂಗೆ ನುಗ್ತಾನಲ್ಲ, ಅವನ್ತಾವ ಟಿಕೇಟು ಐತಾ?”

ಇಡೀ ಬಸ್ಸು ನಕ್ಕಿತು. ನನಗೆ ನಗು ಎಲ್ಲಿಂದ ಬರಬೇಕು? “ರಿಪೇರಿ ಇಲ್ವಾ ಮಾವ?” ಎಂದೆ.

“ಇದೆ. ಕಾಯಿಸಬೇಕು, ಹದವಾಗಿ, ಬಹಳ ಹೊತ್ತು. ಆಗ ಬಹಳಷ್ಟು ಪರಮಾಣುಗಳು ಮೆಲ್ಲಗೆ ಸೀಟಿಗೆ ವಾಪಸ್ ಬರ್ತವೆ.”

ಮರುವರ್ಷ ಅಪ್ಪ ತೀರಿಕೊಂಡರು. ಅಮ್ಮ ಅಳಲಿಲ್ಲ. ಬಂದವರಿಗೆಲ್ಲ ತಾವೇ ನಿಂತು ಬಡಿಸಿದರು. ಅಳುತ್ತಿದ್ದ ನನ್ನನ್ನೂ ಗದರಿಸಿ ಉಣ್ಣಿಸಿದರು. “ನಿಮ್ಮಮ್ಮ ಬಲು ಗಟ್ಟಿ ಕಣಯ್ಯ” ಎಂದು ನೆಂಟರು ಮೆಚ್ಚಿಕೊಂಡು ಹೊರಟರು. ಮಾವ ಮಾತ್ರ ಸ್ಟೇಷನ್ನಿಗೆ ಹೋಗಿ ತಮ್ಮ ಟಿಕೇಟು ರದ್ದು ಮಾಡಿಸಿ ಬಂದರು.

ಆಮೇಲೆ ದಿನವೂ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂರುವುದು, ಅಪ್ಪನ ಮಾತು ತೆಗೆಯುವುದು. ಅಮ್ಮ “ಹ್ಞೂಂ” ಎನ್ನುವುದು, ಅಷ್ಟೆ. ಒಂದು ಬೆಳಿಗ್ಗೆ, “ಅಕ್ಕಾ, ಭಾವನ ಗೊರಕೆಗೆ ಎದುರುಮನೆ ನಾಯಿ ಬೊಗಳ್ತಿತ್ತಲ್ಲ, ನೆನಪಿದೆಯಾ?” ಎಂದರು.

ಅಮ್ಮ ನಕ್ಕರು. ನಗುತ್ತಲೇ ಸೌಟು ಕೆಳಗಿಟ್ಟರು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ, ಅಷ್ಟು ದಿನ ತಡೆದದ್ದನ್ನೆಲ್ಲ ಒಟ್ಟಿಗೇ ಅತ್ತರು.

ಒಲೆಯ ಮೇಲೆ ನೀರು ಕೊತಕೊತ ಕುದಿಯುತ್ತಿತ್ತು. ಹೆದರಿದ ನಾನು ಒಲೆ ಆರಿಸಲು ಓಡಿದೆ. ಮಾವ ನನ್ನ ಕೈ ಹಿಡಿದುಕೊಂಡರು.

“ಆರಿಸಬೇಡ್ವೋ. ಇನ್ನೂ ಸ್ವಲ್ಪ ಹೊತ್ತು ಉರೀಲಿ.”